ಈ ಕಲ್ಲು ಸಿಕ್ಕಿದ್ದೆಲ್ಲಿ?



ನನ್ನ ಕಚೇರಿಯ ಮೇಜಿನ ಮೇಲೆ ಎರಡು ವರ್ಷ ಒಂದು ಕಲ್ಲು ಇತ್ತು. ಅಂಗೈಗಿಂತ ತುಸು ಉದ್ದ, ಕಪ್ಪು ಬಣ್ಣ. ಒಂದು ತುದಿ ಮೊನಚು, ಇನ್ನೊಂದು ತುದಿ ಬಾಚಿಯ ಬಾಯಿಯಂತೆ ಅಗಲ. ಮೈಯೆಲ್ಲ ನಯ. ಫ್ಯಾನಿನ ಗಾಳಿಗೆ ಹಾಳೆಗಳು ಹಾರದಿರಲೆಂದು ಅದನ್ನು ಅವುಗಳ ಮೇಲೆ ಇಡುತ್ತಿದ್ದೆ. ಬಂದವರಿಗೆಲ್ಲ "ಇದು ಶಿಲಾಯುಗದ ಕೊಡಲಿ, ನೋಡಿ" ಎಂದು ತೋರಿಸುವುದೂ ಇತ್ತು. ನಾನು ಓದಿದ್ದು ವಿಜ್ಞಾನ, ಮಾಡುತ್ತಿರುವುದು ದೂರದರ್ಶನದ ಕೆಲಸ. ಇತಿಹಾಸದ ಒಂದು ತುಂಡು ನನ್ನ ಕೈವಶದಲ್ಲಿದೆ ಎಂಬ ಹೆಮ್ಮೆ ನನಗಿತ್ತೆಂದು ಒಪ್ಪಿಕೊಳ್ಳುತ್ತೇನೆ.

ಆ ಕಲ್ಲು ಬಂದದ್ದು ಗುಡೇಕೋಟೆಯ ಕಡೆಯಿಂದ. ಕೂಡ್ಲಿಗಿ ತಾಲ್ಲೂಕಿನ ಈ ಊರನ್ನು ನಿಮ್ಮಲ್ಲಿ ಕೆಲವರು ಪಾಳೆಯಗಾರರ ಕೋಟೆಯಿಂದ ಬಲ್ಲಿರಿ, ಕೆಲವರು ಒನಕೆ ಓಬವ್ವನ ತವರೂರೆಂದು ಕೇಳಿದ್ದೀರಿ. 2021ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದು ಈಗ ವಿಜಯನಗರ ಜಿಲ್ಲೆಗೆ ಸೇರಿದೆ. 2013ರಲ್ಲಿ ಇಲ್ಲಿಯ ಗುಡ್ಡಗಾಡನ್ನು ಕರಡಿಧಾಮವೆಂದು ಘೋಷಿಸಲಾಯಿತು. ನಾವು ಹೋದದ್ದು ಆ ಕರಡಿಗಳ ಚಿತ್ರೀಕರಣಕ್ಕೆ. ದಾರಿಯುದ್ದಕ್ಕೂ ಯಾರೋ ಕೈಯಾರೆ ಪೇರಿಸಿಟ್ಟಂತೆ ಕಾಣುವ ಬಂಡೆಗಳ ಗುಡ್ಡಗಳು, ಅವುಗಳ ಬುಡದಲ್ಲಿ ಕೆಂಪು ನೆಲ, ಶೇಂಗಾ ಹೊಲ, ಕುರಿಹಟ್ಟಿ. ಕೂಡ್ಲಿಗಿಯಿಂದ ಹೊರಟು ಗುಡೇಕೋಟೆ ಮುಟ್ಟುವ ಮೊದಲೇ ಜೀಪಿನ ಟೈರು ಪಂಕ್ಚರಾಯಿತು. ಚಾಲಕ ಟೈರು ಬಿಚ್ಚುವಷ್ಟರಲ್ಲಿ ನಮ್ಮ ಕ್ಯಾಮರಾ ಸಹಾಯಕ ಅತ್ತಿತ್ತ ಅಡ್ಡಾಡಿ ಈ ಕಲ್ಲನ್ನು ತಂದು ನನ್ನ ಕೈಗಿತ್ತ. ಕುರಿ ಕಾಯುತ್ತಿದ್ದ ಅಜ್ಜನೊಬ್ಬರು ಹತ್ತಿರ ಬಂದು ನೋಡಿ, "ಸಿಡ್ಲಗಲ್ಲದು, ತಮ್ಮಾ. ಮನ್ಯಾಗ ಇಟ್ಕೋ, ಸಿಡ್ಲು ಬಡಿಯಾದಿಲ್ಲ" ಎಂದರು. ಇಂಥ ಕಲ್ಲುಗಳು ಸಿಡಿಲಿನ ಜೊತೆ ಆಕಾಶದಿಂದ ಬೀಳುತ್ತವೆಂಬ ನಂಬಿಕೆ ನಮ್ಮಲ್ಲಷ್ಟೇ ಅಲ್ಲ, ಯುರೋಪಿನ ಹಳ್ಳಿಗಳಲ್ಲೂ ಇತ್ತು. ಅಜ್ಜನ ಮಾತಿಗೆ ನಾವೆಲ್ಲ ನಕ್ಕೆವು, ಕಲ್ಲನ್ನು ಕ್ಯಾಮರಾ ಪೆಟ್ಟಿಗೆಯಲ್ಲಿಟ್ಟು ಮುಂದೆ ಹೋದೆವು.

ಎರಡು ವರ್ಷದ ನಂತರ ಒಂದು ಭಾಷಣದ ಧ್ವನಿಮುದ್ರಣಕ್ಕೆಂದು ಬಂದಿದ್ದ ಪುರಾತತ್ತ್ವಜ್ಞರೊಬ್ಬರು ಮೇಜಿನ ಮೇಲಿದ್ದ ಅದನ್ನು ಎತ್ತಿಕೊಂಡರು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. "ಒಳ್ಳೆಯ ಕೊಡಲಿ. ಎಲ್ಲಿ ಸಿಕ್ಕಿತು?" ಎಂದರು. ಕೂಡ್ಲಿಗಿ ಗುಡೇಕೋಟೆ ದಾರಿಯಲ್ಲಿ ಎಂದೆ. ದಾರಿಯ ಎಡಕ್ಕೋ ಬಲಕ್ಕೋ? ಹೊಲದಲ್ಲೋ ಗುಡ್ಡದ ಇಳಿಜಾರಿನಲ್ಲೋ? ಸುತ್ತ ಮಡಕೆಯ ಚೂರು, ಬೂದಿ ಬಣ್ಣದ ಮಣ್ಣು, ಇದೇ ಕಲ್ಲಿನ ಚಕ್ಕೆಗಳು ಏನಾದರೂ ಇದ್ದವೋ? ನನ್ನಲ್ಲಿ ಒಂದಕ್ಕೂ ಉತ್ತರವಿರಲಿಲ್ಲ. ಆ ಸಹಾಯಕ ಬೇರೆ ಊರಿಗೆ ವರ್ಗವಾಗಿ ಹೋಗಿದ್ದ. ಫೋನು ಮಾಡಿ ಕೇಳಿದರೆ ಪಂಕ್ಚರಾದದ್ದು ನೆನಪಿದೆ, ಕಲ್ಲು ಎತ್ತಿದ ಜಾಗ ನೆನಪಿಲ್ಲ ಎಂದ. ಅವರು ಕಲ್ಲನ್ನು ಮತ್ತೆ ಹಾಳೆಗಳ ಮೇಲಿಟ್ಟು, ಸಿಟ್ಟಿಲ್ಲದೆ, "ಹಾಗಾದರೆ ಇದು ಈ ಕೆಲಸಕ್ಕೇ ಸರಿ" ಎಂದರು.

ಅಂದಿನಿಂದ ನನ್ನನ್ನು ಕಾಡಿದ ಪ್ರಶ್ನೆಯನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ. ಕಲ್ಲು ಕೈಯಲ್ಲೇ ಇರುವಾಗ ಅದು ಸಿಕ್ಕ ಜಾಗ ಗೊತ್ತಿಲ್ಲದಿದ್ದರೆ ಏನು ಕಳೆದುಹೋಗುತ್ತದೆ?

ಮೊದಲು ವಿಜ್ಞಾನದ ಸಣ್ಣ ಮಾತು. ನನ್ನ ಕಲ್ಲಿನ ವಯಸ್ಸೆಷ್ಟು ಎಂದು ಪ್ರಯೋಗಾಲಯಕ್ಕೆ ಕೊಟ್ಟರೆ ಅವರು ಹೇಳಬಲ್ಲದ್ದು ಆ ಶಿಲೆಯ ವಯಸ್ಸನ್ನು, ಮನುಷ್ಯ ಅದನ್ನು ಕೊಡಲಿ ಮಾಡಿದ ಕಾಲವನ್ನಲ್ಲ. ಗುಡೇಕೋಟೆ ಬಳ್ಳಾರಿ ಕಡೆಯ ಗ್ರಾನೈಟ್ ಗುಡ್ಡಗಳು ಸುಮಾರು 250 ಕೋಟಿ ವರ್ಷ ಹಳೆಯವು. ಆ ಗ್ರಾನೈಟ್ ಬಿರುಕು ಬಿಟ್ಟಾಗ ಭೂಗರ್ಭದಿಂದ ಕರಗಿದ ಶಿಲೆ ಮೇಲೇರಿ ಬಿರುಕುಗಳಲ್ಲಿ ಹೆಪ್ಪುಗಟ್ಟಿತು. ಬಿಳುಚು ಗುಡ್ಡದ ಮೈಯಲ್ಲಿ ಕಪ್ಪು ಪಟ್ಟಿಯಂತೆ ಕಾಣುವ ಆ ಶಿಲೆಯೇ ಡಾಲರೈಟ್. ಕಣಗಳು ಸಣ್ಣವು, ಗಟ್ಟಿತನ ಹೆಚ್ಚು, ಪೆಟ್ಟಿಗೆ ಸುಲಭವಾಗಿ ಸೀಳುವುದಿಲ್ಲ. ಕೊಡಲಿಗೆ ಹೇಳಿ ಮಾಡಿಸಿದ ಕಲ್ಲು. ಇನ್ನು ಇಂಗಾಲ-14 ವಿಧಾನ ಕಲ್ಲಿಗೆ ನಡೆಯದು. ಅದು ನಡೆಯುವುದು ಒಮ್ಮೆ ಜೀವವಿದ್ದ ಇದ್ದಿಲು, ಕಾಳು, ಮೂಳೆಗಳಿಗೆ. ಕೊಡಲಿ ಯಾವ ಮಣ್ಣಿನ ಪದರದಲ್ಲಿತ್ತೋ ಅದೇ ಪದರದ ಸುಟ್ಟ ಕಾಳೊಂದು ಸಿಕ್ಕರೆ ಅದು ಕೊಡಲಿಯ ಕಾಲವನ್ನು ಹೇಳುತ್ತದೆ. ಅಂದರೆ ಕಲ್ಲಿನ ಜನ್ಮಪತ್ರ ಕಲ್ಲಿನಲ್ಲಿಲ್ಲ, ಅದರ ನೆರೆಹೊರೆಯಲ್ಲಿದೆ.

ಈ ಮಾತನ್ನು ಚೆನ್ನಾಗಿ ಬಲ್ಲವರೊಬ್ಬರು ಬಳ್ಳಾರಿ ಸೀಮೆಯಲ್ಲಿ ನೂರಮೂವತ್ತು ವರ್ಷಕ್ಕೂ ಹಿಂದೆ ಓಡಾಡಿದ್ದರು. ರಾಬರ್ಟ್ ಬ್ರೂಸ್ ಫೂಟ್ ಭಾರತೀಯ ಭೂಸರ್ವೇಕ್ಷಣ ಇಲಾಖೆಯ ಭೂವಿಜ್ಞಾನಿ. 1863ರ ಮೇ 30ರಂದು ಮದರಾಸಿನ ಹತ್ತಿರದ ಪಲ್ಲಾವರಂನಲ್ಲಿ ಜಲ್ಲಿ ತೆಗೆದ ಗುಣಿಯೊಂದರಲ್ಲಿ ಅವರಿಗೆ ಮನುಷ್ಯ ಕೆತ್ತಿದ ಕಲ್ಲಿನ ಆಯುಧವೊಂದು ಸಿಕ್ಕಿತು. ಆ ಕಾಲವನ್ನು ನೆನಪಿಸಿಕೊಳ್ಳಿ. ಫ್ರಾನ್ಸಿನ ನದೀಜಲ್ಲಿಯಲ್ಲಿ ಅಳಿದುಹೋದ ಪ್ರಾಣಿಗಳ ಮೂಳೆಗಳ ಜೊತೆ ಸಿಕ್ಕ ಕೈಗೊಡಲಿಗಳು ಮನುಷ್ಯನ ಕೈಕೆಲಸವೇ ಎಂದು ಇಂಗ್ಲೆಂಡಿನ ವಿದ್ವಾಂಸರು ಒಪ್ಪಿ ಇನ್ನೂ ನಾಲ್ಕೇ ವರ್ಷವಾಗಿತ್ತು. ಭಾರತದಲ್ಲೂ ಅಷ್ಟೇ ಪುರಾತನ ಮಾನವನಿದ್ದನೆಂದು ಆ ಒಂದು ಕಲ್ಲು ಹೇಳಿತು. ಮುಂದೆ ಫೂಟ್ ಬಳ್ಳಾರಿ ಜಿಲ್ಲೆಯ ಭೂವಿಜ್ಞಾನವನ್ನು ಊರೂರು ಸುತ್ತಿ ಬರೆದರು. 1895ರಲ್ಲಿ ಅದು ಪುಸ್ತಕವಾಯಿತು. ಕಬ್ಬಿಣದ ಅದಿರಿನ, ಶಿಲೆಗಳ ವರದಿ ಬರೆಯಬೇಕಾದವರು ಕೊಡಲಿ, ಬೀಸುಕಲ್ಲು, ಬೂದಿದಿಬ್ಬಗಳನ್ನೂ ಬಿಡದೆ ಗುರುತು ಹಾಕಿಕೊಂಡರು. ನಯಗೊಳಿಸಿದ ಕೊಡಲಿಯ ಜನ ಇಲ್ಲಿ ಗ್ರಾನೈಟ್ ಗುಡ್ಡಗಳ ಮೇಲೆ ವಾಸವಾಗಿದ್ದರೆಂದು ಕಂಡುಕೊಂಡರು.

ಫೂಟ್ ಕೂಡ ಕಲ್ಲುಗಳನ್ನು ಎತ್ತಿಕೊಂಡೇ ಹೋದರು. ಅದು ಸುಳ್ಳಲ್ಲ. ಆದರೆ ಎತ್ತಿಕೊಂಡ ಕಲ್ಲಿಗೆಲ್ಲ ಸಂಖ್ಯೆ ಕೊಟ್ಟು ಯಾವ ಜಿಲ್ಲೆ, ಯಾವ ಊರಿನದು ಎಂದು ಬರೆದಿಟ್ಟರು. ಅವರ ಸಂಗ್ರಹವನ್ನು 1904ರಲ್ಲಿ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯ ಕೊಂಡಿತು. ಅವರು 1912ರಲ್ಲಿ ತೀರಿಕೊಂಡ ಮೇಲೆ ಆ ಪಟ್ಟಿ 1914 ಮತ್ತು 1916ರಲ್ಲಿ ಎರಡು ಭಾಗವಾಗಿ ಅಚ್ಚಾಯಿತು. ನಂತರ ಬಂದ ಸಂಶೋಧಕರು ಆ ಪಟ್ಟಿ ಹಿಡಿದುಕೊಂಡೇ ಆ ಊರುಗಳಿಗೆ ಮರಳಿ ಹೋದರು. ನನ್ನ ಕಲ್ಲಿಗೆ ಹಾಗೆ ಮರಳುವ ದಾರಿಯೇ ಇಲ್ಲ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. ನಿಮ್ಮ ಪಠ್ಯಪುಸ್ತಕದ ಚಿತ್ರದಲ್ಲಿ ಜಡೆಗಟ್ಟಿದ ಕೂದಲಿನ 'ಆದಿಮಾನವ' ಒಬ್ಬ ಹಿಡಿ ಕಟ್ಟಿದ ಕೊಡಲಿ ಹಿಡಿದು ನಿಂತಿರುತ್ತಾನೆ. ಚಿತ್ರಕಾರರು ಎರಡು ಕಾಲಗಳನ್ನು ಒಬ್ಬನ ಮೈಮೇಲೆ ಹೊರಿಸಿದ್ದಾರೆ. ನನ್ನ ಮೇಜಿನ ಮೇಲಿದ್ದಂಥ ನಯವಾದ ಕೊಡಲಿ ನೂತನ ಶಿಲಾಯುಗದ್ದು, ದನ ಕಟ್ಟಿ ಕಾಳು ಬೆಳೆದವರದು. ಅವರು ನಮ್ಮ ನಿಮ್ಮಂಥವರೇ. ಆದಿಮಾನವನನ್ನು ನೋಡಬೇಕಾದರೆ ಇನ್ನೂ ಬಹಳ ಹಿಂದಕ್ಕೆ, ಯಾದಗಿರಿ ಜಿಲ್ಲೆಯ ಹುಣಸಗಿ ಕಡೆಗೆ ಹೋಗಬೇಕು.

ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು 1970ರ ದಶಕದಿಂದ ಹುಣಸಗಿ ಮತ್ತು ಬೈಚಬಾಳ ಕಣಿವೆಗಳನ್ನು ಕಾಲ್ನಡಿಗೆಯಲ್ಲಿ ಶೋಧಿಸಿದರು. ಅಲ್ಲಿಯ ಈಸಾಂಪುರದಲ್ಲಿ ಕಾಲುವೆಯ ಕೆಲಸಕ್ಕೆಂದು ಮೇಲಿನ ಮಣ್ಣು ತೆಗೆದಿದ್ದರಿಂದ ಕೆಳಗಿನ ಸುಣ್ಣಕಲ್ಲಿನ ಹಾಸು ಹೊರಬಿದ್ದಿತ್ತು. 1997ರಿಂದ ಉತ್ಖನನ ನಡೆಸಿದಾಗ ಅದು ಆದಿಮಾನವರ ಕಾರ್ಖಾನೆ ಎಂದು ತಿಳಿಯಿತು. ಅವರು ತಮಗೆ ಬೇಕಾದ ದಪ್ಪದ ಚಪ್ಪಡಿಗಳನ್ನು ಆರಿಸಿ, ಬೇರೆ ಜಾತಿಯ ಗಟ್ಟಿ ಉಂಡೆಗಲ್ಲುಗಳನ್ನು ಸುತ್ತಿಗೆಯಾಗಿ ತಂದು, ಅಲ್ಲೇ ಕುಳಿತು ಕೈಗೊಡಲಿಗಳನ್ನು ಕೆತ್ತಿದ್ದರು. ಕೆತ್ತಿ ಬಿದ್ದ ಚಕ್ಕೆಗಳು, ಅರ್ಧಕ್ಕೆ ಬಿಟ್ಟ ಆಯುಧಗಳು, ಸುತ್ತಿಗೆ ಕಲ್ಲುಗಳು ಬಿದ್ದಲ್ಲೇ ಇದ್ದವು. ಜೊತೆಯಲ್ಲಿದ್ದ ಪ್ರಾಣಿಯ ಹಲ್ಲಿನ ಎನಾಮಲ್ಲನ್ನು ಎಲೆಕ್ಟ್ರಾನ್ ಸ್ಪಿನ್ ರೆಸೊನೆನ್ಸ್ ಎಂಬ ವಿಧಾನದಿಂದ ಪರೀಕ್ಷಿಸಿದಾಗ ಸುಮಾರು 12 ಲಕ್ಷ ವರ್ಷವೆಂದು ಬಂತು. ತಮಿಳುನಾಡಿನ ಅತ್ತಿರಂಪಾಕ್ಕಂನಲ್ಲಿ ಶಾಂತಿ ಪಪ್ಪು ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಕಾಲ ಸುಮಾರು 15 ಲಕ್ಷ ವರ್ಷ. ಆ ನೆಲೆಯನ್ನು 1863ರಲ್ಲೇ ಗುರುತಿಸಿದವರು ಫೂಟ್ ಮತ್ತು ಅವರ ಸಹೋದ್ಯೋಗಿ ಕಿಂಗ್.

ಬರೀ ಒಡೆದ ಕಲ್ಲಿಗೂ ಮನುಷ್ಯ ಒಡೆದ ಕಲ್ಲಿಗೂ ವ್ಯತ್ಯಾಸ ಹೇಗೆ ತಿಳಿಯುತ್ತದೆಂದು ನೀವು ಕೇಳಬಹುದು. ದಪ್ಪ ಗಾಜಿನ ಅಂಚಿಗೆ ಪೆಟ್ಟು ಬಿದ್ದಾಗ ಚಿಪ್ಪಿನ ಆಕಾರದ ಚಕ್ಕೆ ಏಳುವುದನ್ನು ನೋಡಿರಬಹುದು. ನುಣುಪು ಕಣದ ಕಲ್ಲೂ ಹಾಗೆಯೇ ಒಡೆಯುತ್ತದೆ. ಪೆಟ್ಟು ಬಿದ್ದ ಬಿಂದುವಿನ ಕೆಳಗೆ ಚಕ್ಕೆಯಲ್ಲಿ ಸಣ್ಣ ಉಬ್ಬು, ಮೂಲ ಕಲ್ಲಿನಲ್ಲಿ ಅದಕ್ಕೆ ಸರಿಯಾದ ತಗ್ಗು ಉಳಿಯುತ್ತದೆ. ಬಿಸಿಲಿಗೋ ಹೊಳೆಯ ಹೊಡೆತಕ್ಕೋ ಒಡೆದ ಕಲ್ಲಿನಲ್ಲಿ ಒಂದೆರಡು ಅಂಥ ತಗ್ಗು ಕಾಣಬಹುದು. ಒಂದರ ಪಕ್ಕ ಒಂದು, ಎರಡೂ ಮುಖದಿಂದ, ಅಂಚು ನೇರವಾಗುವಂತೆ ಹತ್ತಿಪ್ಪತ್ತು ತಗ್ಗುಗಳು ಕಂಡರೆ ಅಲ್ಲಿ ಒಂದು ಉದ್ದೇಶವಿದೆ. ಇದನ್ನು ತೆರೆಯ ಮೇಲೆ ತೋರಿಸುವುದು ನಮಗೆ ದೊಡ್ಡ ತಲೆನೋವು. ಸ್ಟುಡಿಯೋದ ನೇರ ಬೆಳಕಿನಲ್ಲಿ ಕೈಗೊಡಲಿ ಆಲೂಗಡ್ಡೆಯಂತೆ ಕಾಣುತ್ತದೆ. ದೀಪವನ್ನು ಮೇಜಿನ ಮಟ್ಟಕ್ಕೆ ಇಳಿಸಿ ಓರೆಯಾಗಿ ಬಿಟ್ಟಾಗಷ್ಟೇ ತಗ್ಗುಗಳ ಅಂಚಿಗೆ ನೆರಳು ಬಿದ್ದು ಒಂದೊಂದು ಪೆಟ್ಟೂ ಎದ್ದು ಬರುತ್ತದೆ.

ಈಗ ನನ್ನ ಕೊಡಲಿಯ ಕಾಲಕ್ಕೆ, ಬಳ್ಳಾರಿ ಸೀಮೆಗೆ ಮರಳೋಣ. ಬಳ್ಳಾರಿಯ ಹತ್ತಿರದ ಕುಡತಿನಿಯಲ್ಲಿ ದೊಡ್ಡ ಬೂದಿದಿಬ್ಬವೊಂದಿದೆ. ರಾಕ್ಷಸರನ್ನು ಸುಟ್ಟ ಬೂದಿ ಎಂಬುದು ಜನರ ಕತೆ. ಅದು ಜ್ವಾಲಾಮುಖಿಯೋ ಲೋಹ ಕರಗಿಸಿದ ಕಿಟ್ಟವೋ ಎಂದು ವಿದ್ವಾಂಸರೂ ಬಹುಕಾಲ ಜಗಳವಾಡಿದರು. ಅದು ಸುಟ್ಟ ಸಗಣಿ ಎಂದು 1960ರಲ್ಲಿ ಝೊಯ್ನರ್ ಪರೀಕ್ಷೆಯಿಂದ ಖಚಿತಪಡಿಸಿದರು. 1957ರಲ್ಲಿ ಆಲ್ಚಿನ್ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಇಂಥದೇ ದಿಬ್ಬವನ್ನು ಅಗೆದಾಗ ಪದರಗಳ ನಡುವೆ ದನದ ಗೊರಸಿನ ಗುರುತುಗಳೇ ಸಿಕ್ಕಿದವು. ದಿಬ್ಬಗಳು ದನದ ದೊಡ್ಡಿಗಳಾಗಿದ್ದವು. ಗೊರಸಿನ ಗುರುತನ್ನು ಯಾರಾದರೂ ಚೀಲದಲ್ಲಿ ಹಾಕಿಕೊಂಡು ಹೋಗಲಾದೀತೆ?

ಕಾಲದ ವಿಷಯದಲ್ಲೂ ದೊಡ್ಡವರೇ ಎಡವಿದ್ದುಂಟು. ಗುಡೇಕೋಟೆಗೆ ಬಹಳ ದೂರವಲ್ಲದ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯನ್ನು 1947ರಲ್ಲಿ ಮಾರ್ಟಿಮರ್ ವೀಲರ್ ಅಗೆದರು. ಕಲ್ಲುಕೊಡಲಿಯ ಜನ ಅಲ್ಲಿ ನೆಲೆಸಿದ್ದು ಕ್ರಿ.ಪೂ. 1000ಕ್ಕಿಂತ ಹಿಂದಲ್ಲ ಎಂದು ಬರೆದರು. ಆಗ ಇಂಗಾಲ-14 ಇರಲಿಲ್ಲ. ಅದು ಬಂದ ಮೇಲೆ ದಕ್ಷಿಣದ ನೂತನ ಶಿಲಾಯುಗ ಸಾವಿರಾರು ವರ್ಷ ಹಿಂದಕ್ಕೆ ಸರಿಯಿತು. ವೀಲರ್ ಪದರಗಳನ್ನು ಅಚ್ಚುಕಟ್ಟಾಗಿ ದಾಖಲಿಸಿದ್ದರಿಂದ ಅವರ ತಪ್ಪನ್ನು ಇತರರು ತಿದ್ದಲು ಸಾಧ್ಯವಾಯಿತು.

ಈ ಸೀಮೆಯಲ್ಲಿ ಅತಿ ಹೆಚ್ಚು ಮಾತಾಡಿರುವ ನೆಲ ಬಳ್ಳಾರಿ ನಗರದ ಮಗ್ಗುಲಲ್ಲೇ ಇರುವ ಸಂಗನಕಲ್ಲು ಮತ್ತು ಕಪ್ಪಗಲ್ಲಿನ ಗುಡ್ಡಗಳು. ಗುಡೇಕೋಟೆಯ ಹಾಗೆಯೇ ಪೇರಿದ ಗ್ರಾನೈಟ್ ಬಂಡೆಗಳು, ಅದರ ನಡುವೆ ಡಾಲರೈಟ್ ಪಟ್ಟಿ. ಬಿ. ಸುಬ್ಬರಾವ್ ಇಲ್ಲಿ ಉತ್ಖನನ ಮಾಡಿ 1948ರಲ್ಲಿ ಬಳ್ಳಾರಿಯ ಶಿಲಾಯುಗದ ಬಗ್ಗೆ ಪುಸ್ತಕ ತಂದರು. 1964–65ರಲ್ಲಿ ಅನ್ಸಾರಿ ಮತ್ತು ಎಂ.ಎಸ್. ನಾಗರಾಜರಾವ್ ಮತ್ತೆ ಅಗೆದರು. 1990ರ ದಶಕದ ಕೊನೆಯಿಂದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಅವರು ಡೋರಿಯನ್ ಫುಲ್ಲರ್, ನಿಕೋಲ್ ಬೋವಿನ್ ಮೊದಲಾದವರ ಜೊತೆಗೂಡಿ ನಡೆಸಿದ ಕೆಲಸ ಹೊಸ ಬಾಗಿಲನ್ನೇ ತೆರೆಯಿತು.

ಅವರು ಮಾಡಿದ ಒಂದು ಕೆಲಸ ನನಗೆ ಬಲು ಇಷ್ಟ. ಅಗೆದ ಮಣ್ಣನ್ನು ಎಸೆಯದೆ ನೀರಿನಲ್ಲಿ ಕದಡಿದರು. ಮಣ್ಣು ತಳ ಸೇರಿತು, ಸುಟ್ಟು ಕರಿಯಾದ ಕಾಳುಗಳು ತೇಲಿದವು. ಸಾಸಿವೆಗಿಂತ ಸಣ್ಣವನ್ನೂ ಜಾಲರಿಯಲ್ಲಿ ಹಿಡಿದು ಸೂಕ್ಷ್ಮದರ್ಶಕದ ಕೆಳಗೆ ನೋಡಿದಾಗ ಹುರುಳಿ, ಹೆಸರು, ಕೊರಲೆ ಕಂಡವು. ನಿಮ್ಮ ಮನೆಯ ಹುರುಳಿ ಸಾರಿಗೆ ನಾಲ್ಕು ಸಾವಿರ ವರ್ಷದಷ್ಟು ಹಿರಿಮೆ ಇದೆ ಎಂದು ಹೇಳಿದ್ದು ಆ ಕೆಸರು ನೀರು. ಅದೇ ಕಾಳುಗಳ ಇಂಗಾಲದಿಂದ ಪದರಗಳ ಕಾಲವೂ ತಿಳಿಯಿತು.

ಇನ್ನು ಕೊಡಲಿ. ಅಲ್ಲಿಯ ಹಿರೇಗುಡ್ಡದ ಮೇಲೆ ಡಾಲರೈಟ್ ಚಕ್ಕೆಗಳು ರಾಶಿ ರಾಶಿ ಬಿದ್ದಿವೆ. ಡಾಲರೈಟ್ ಪಟ್ಟಿಯಿಂದ ಗುಂಡು ಕಿತ್ತು, ಸುತ್ತಿಗೆ ಕಲ್ಲಿನಿಂದ ಒರಟಾಗಿ ಆಕಾರ ಕೊಟ್ಟು, ಆಮೇಲೆ ಮೆಲ್ಲಗೆ ಕುಟ್ಟಿ ಕುಟ್ಟಿ ಉಬ್ಬುತಗ್ಗು ಸಮ ಮಾಡಿ, ಕೊನೆಗೆ ಗ್ರಾನೈಟ್ ಹಾಸಿನ ಮೇಲೆ ಉಜ್ಜಿ ನಯಗೊಳಿಸುತ್ತಿದ್ದರು. ಹಾಗೆ ಉಜ್ಜಿದ ಉದ್ದನೆಯ ತೋಡುಗಳು ಬಂಡೆಯಲ್ಲಿ ಇಂದಿಗೂ ಇವೆ. ಅದರಲ್ಲಿ ಬೆರಳಾಡಿಸಿದರೆ ಒಬ್ಬ ಕೆಲಸಗಾರನ ತೋಳಿನ ಅಳತೆ ಸಿಗುತ್ತದೆ. ಕ್ರಿ.ಪೂ. 1400ರ ಸುಮಾರಿನಿಂದ ಇಲ್ಲಿ ಕೊಡಲಿಯ ತಯಾರಿಕೆ ಬಹಳ ಹೆಚ್ಚಿತೆಂದೂ ಊರಿಗೆ ಬೇಕಾದುದಕ್ಕಿಂತ ಹೆಚ್ಚು ಮಾಡಿ ಹೊರಗೆ ಕೊಡುತ್ತಿದ್ದಿರಬೇಕೆಂದೂ ಸಂಶೋಧಕರ ಅಭಿಪ್ರಾಯ. ಇದಕ್ಕೆ ಆಧಾರ ನಯವಾದ, ನೋಡಲು ಅಂದವಾದ ಕೊಡಲಿಗಳಲ್ಲ. ಒಡೆದು ಹೋದವು, ಅರ್ಧಕ್ಕೆ ಬಿಟ್ಟವು, ಯಾರೂ ಎತ್ತಿಕೊಳ್ಳದ ಚಕ್ಕೆಗಳೇ ಆಧಾರ.

ಗುಡೇಕೋಟೆ ದಾರಿಯ ನನ್ನ ಕೊಡಲಿ ಇಲ್ಲಿಂದ ಹೋದದ್ದೇ? ಇಲ್ಲವೆ ಕೂಡ್ಲಿಗಿ ಕಡೆಯದೇ ಯಾವುದೋ ಗುಡ್ಡದ ಮೇಲೆ ಇಂಥದೊಂದು ಕಮ್ಮಟವಿತ್ತೇ? ಕೂಡ್ಲಿಗಿ ತಾಲ್ಲೂಕಿನ ಕುಮತಿಯಲ್ಲಿ ಮನುಷ್ಯಾಕಾರವಾಗಿ ಕಡೆದ ಬೃಹತ್ ಶಿಲಾಯುಗದ ಚಪ್ಪಡಿಗಳಿವೆ. ಈ ಸೀಮೆ ಖಾಲಿ ಇದ್ದ ನೆಲವಂತೂ ಅಲ್ಲ. ಕೊಡಲಿಯ ಜೊತೆ ನಾಲ್ಕು ಚಕ್ಕೆಗಳಿದ್ದವೆಂದು ನಮ್ಮ ಸಹಾಯಕ ನೋಡಿದ್ದರೆ ಕಮ್ಮಟವೆನ್ನಬಹುದಿತ್ತು. ಚಕ್ಕೆ ಇಲ್ಲದೆ ಒಂಟಿಯಾಗಿತ್ತೆಂದಿದ್ದರೆ ಹೊರಗಿನಿಂದ ಬಂದದ್ದೆನ್ನಬಹುದಿತ್ತು. ಇಲ್ಲದ್ದನ್ನು ಗಮನಿಸುವುದೂ ದಾಖಲೆಯೇ.

ಹಿರೇಗುಡ್ಡದ ಡಾಲರೈಟ್ ಬಂಡೆಗಳ ಮೇಲೆ ಹಿಣಿಲಿರುವ ಉದ್ದ ಕೊಂಬಿನ ದನಗಳ ಚಿತ್ರಗಳನ್ನು ಕುಟ್ಟಿ ಮೂಡಿಸಿದ್ದಾರೆ. 1892ರಲ್ಲಿ ಫಾಸೆಟ್ ಎಂಬುವರು ಇವುಗಳ ಬಗ್ಗೆ ಬರೆದಿದ್ದರು. ಕೆಲವು ಬಂಡೆಗಳನ್ನು ಕಲ್ಲಿನಿಂದ ಬಡಿದರೆ ಗಂಟೆಯಂತೆ ಮೊಳಗುತ್ತವೆ. ಬಡಿದು ಬಡಿದು ಆದ ಕುಳಿಗಳು ಅವುಗಳ ಮೇಲಿವೆ. ಬೋವಿನ್ ಇದನ್ನು 2004ರಲ್ಲಿ ಪ್ರಕಟಿಸಿದಾಗ ಜಗತ್ತಿನ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಅದೇ ಬರಹದಲ್ಲಿ ಇನ್ನೊಂದು ಮಾತೂ ಇತ್ತು. ಗುಡ್ಡದಲ್ಲಿ ಕಲ್ಲುಗಣಿ ನಡೆಯುತ್ತಿದ್ದು, ಚಿತ್ರದ ಬಂಡೆಗಳಿಗೆ ಅಪಾಯವಿದೆ ಎಂಬುದು. ನಾಲ್ಕು ಸಾವಿರ ವರ್ಷದ ಹಿಂದೆ ಜನರನ್ನು ಆ ಗುಡ್ಡಕ್ಕೆ ಕರೆದದ್ದು ಕಲ್ಲು. ಇವತ್ತು ಕಂಪ್ರೆಸರನ್ನು ಕರೆಯುತ್ತಿರುವುದೂ ಅದೇ ಕಲ್ಲು. ಕಲ್ಲೊಡೆಯುವ ಕೂಲಿಗೂ ಹೊಟ್ಟೆಯಿದೆ, ನಮ್ಮ ಮನೆಯ ತಳಪಾಯಕ್ಕೂ ಜಲ್ಲಿ ಬೇಕು. ಪಲ್ಲಾವರಂನ ಜಲ್ಲಿಗುಣಿ ಇಲ್ಲದಿದ್ದರೆ ಫೂಟರಿಗೆ ಆ ಕಲ್ಲೂ ಸಿಗುತ್ತಿರಲಿಲ್ಲ. ಆದರೆ ಯಾವ ಗುಡ್ಡದಲ್ಲಿ ಏನಿದೆ ಎಂದು ಯಾರೂ ಬರೆದಿಡದೆ ಇದ್ದಾಗ ಯಾವುದನ್ನು ಬಿಡಬೇಕೆಂದು ಗಣಿಯವನಿಗಾದರೂ ತಿಳಿಯುವುದು ಹೇಗೆ?

ನಮ್ಮ ಕಸುಬಿನಿಂದ ಆಗುವ ಹಾನಿಯನ್ನೂ ಹೇಳಿಬಿಡುತ್ತೇನೆ. ಶಿಲಾಯುಗದ ಬಗ್ಗೆ ಒಂದು ಕಂತು ಪ್ರಸಾರವಾದ ಮೇಲೆ ಪ್ರೌಢಶಾಲೆಯ ಹುಡುಗನೊಬ್ಬ ತಂದೆಯ ಜೊತೆ ಬಸ್ಸಿನಲ್ಲಿ ನಮ್ಮ ಕೇಂದ್ರಕ್ಕೆ ಬಂದ. ಬೂಟಿನ ಪೆಟ್ಟಿಗೆಯ ತುಂಬ ಕಲ್ಲುಗಳು. "ಎಲ್ಲಾ ಸೋಪ್ ಹಾಕಿ ತೊಳ್ದೀನಿ ಸಾರ್" ಎಂದ. ಅವುಗಳಲ್ಲಿ ಎರಡು ನಿಜವಾದ ಕೊಡಲಿಗಳು. ಬಾಯಿಗೆ ಅಂಟಿದ್ದ ಮಣ್ಣಿನ ಜೊತೆ ಅವು ಏನನ್ನು ಕಡಿದಿದ್ದವೆಂಬ ಕುರುಹೂ ಹೋಗಿತ್ತೋ ಏನೋ. ಅವನನ್ನು ಗದರಿಸುವ ಬಾಯಿ ನನಗಿರಲಿಲ್ಲ, ನನ್ನ ಮೇಜಿನ ಮೇಲೂ ಒಂದಿತ್ತಲ್ಲ. ಆದರೆ ಆ ಹುಡುಗ ನನಗಿಂತ ಜಾಣ. ಯಾವ ಹೊಲ, ಯಾವ ಬದು, ಯಾವ ಹುಣಸೆ ಮರದ ಪಕ್ಕ ಎಂದು ಒಂದೊಂದಕ್ಕೂ ಹೇಳಿದ. ಕುಳಿತು ಬರೆಸಿಕೊಂಡೆವು. ಅಂದಿನಿಂದ ಇಂಥ ನೆಲೆಗಳನ್ನು ತೋರಿಸುವಾಗ ದಾರಿ ತಿಳಿಯುವಂಥ ದೃಶ್ಯಗಳನ್ನು ನಾವು ಕತ್ತರಿಸುತ್ತೇವೆ.

ನಿಮಗೆ ಅಂಥ ಕಲ್ಲು ಕಂಡರೆ ಎತ್ತಬೇಡಿ. ಪಕ್ಕದಲ್ಲಿ ಒಂದು ಪೆನ್ನು ಇಟ್ಟು ಹತ್ತಿರದಿಂದ ಒಂದು, ಸುತ್ತಲಿನ ಗುಡ್ಡ ಮರ ಕಾಣುವಂತೆ ಒಂದು ಚಿತ್ರ ತೆಗೆಯಿರಿ. ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲು ಉತ್ತಮ. ನಿಮ್ಮ ಫೋನು ಅಕ್ಷಾಂಶ ರೇಖಾಂಶವನ್ನು ಹೇಳುತ್ತದೆ, ಬರೆದುಕೊಳ್ಳಿ. ಕಾಲೇಜಿನ ಇತಿಹಾಸದ ಮೇಷ್ಟರಿಗೆ ತೋರಿಸಿ, ರಾಜ್ಯ ಪುರಾತತ್ತ್ವ ಇಲಾಖೆಗೆ ಪತ್ರ ಬರೆಯಿರಿ. ಬಳ್ಳಾರಿಯಲ್ಲಿ ಫೂಟರ ಹೆಸರಿನಲ್ಲೇ ಒಂದು ಪ್ರಾಗೈತಿಹಾಸಿಕ ವಸ್ತುಸಂಗ್ರಹಾಲಯವಿದೆ, ಸಂಗನಕಲ್ಲಿನ ವಸ್ತುಗಳನ್ನು ಅಲ್ಲಿ ನೋಡಬಹುದು.

ನನ್ನ ಕಲ್ಲನ್ನು ಕಳೆದ ವರ್ಷ ಒಂದು ವಸ್ತುಸಂಗ್ರಹಾಲಯಕ್ಕೆ ಕೊಟ್ಟುಬಂದೆ. ಅಲ್ಲಿಯ ಗುಮಾಸ್ತರು ದೊಡ್ಡ ಪುಸ್ತಕ ತೆರೆದು ಅಂಕಣಗಳನ್ನು ತುಂಬುತ್ತಾ ಹೋದರು. ವಸ್ತು: ಕೊಡಲಿ. ಶಿಲೆ: ಡಾಲರೈಟ್. ಸ್ಕೇಲು ಇಟ್ಟು ಅಳತೆಯನ್ನೂ ಬರೆದರು. ದೊರೆತ ಸ್ಥಳ ಎಂಬಲ್ಲಿ ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಕೂಡ್ಲಿಗಿ ತಾಲ್ಲೂಕು ಎಂದೆ. "ಊರು ಯಾವುದು ಸರ್?" ಎಂದರು. ನಾನು ಸುಮ್ಮನಿದ್ದೆ. ಅವರು ಸ್ವಲ್ಪ ಹೊತ್ತು ಕಾದು, ಆ ಅಂಕಣದಲ್ಲಿ ಒಂದು ಅಡ್ಡಗೆರೆ ಎಳೆದರು.